ಬಾಯಿ ಕಿಟಕಿಯ ಕಡೆಗೆ

ಆ ಲಾಂಡ್ರಿಯಲ್ಲಿ ಅವನನ್ನು ಎಲ್ಲರೂ ಕೊಂಡಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಊರಿನ ಆಸ್ಪತ್ರೆಗಳ ಹಾಸು ಹೊದಿಕೆಗಳೆಲ್ಲ ಬಂದು ಬೀಳುತ್ತಿದ್ದ ದೊಡ್ಡ ಲಾಂಡ್ರಿ ಅದು. ಬಟ್ಟೆ ಒಂದು ಬಾಗಿಲಿನಲ್ಲಿ ಕೊಳೆಯಾಗಿ ಒಳಗೆ ಬಂದು, ಇನ್ನೊಂದು ಬಾಗಿಲಿನಲ್ಲಿ ಬಿಸಿ ಆರದ ಮಡಿಕೆಯಾಗಿ ಹೊರಗೆ ಹೋಗುತ್ತಿತ್ತು. ಆ ಎರಡು ಬಾಗಿಲುಗಳ ನಡುವೆ ತಿರುಗುವ ವಸ್ತು ಯಾವುದೇ ಇರಲಿ, ಅದನ್ನು ತಿರುಗಿಸುತ್ತಿದ್ದದ್ದು ಒಂದು ಚೈನು. ಚೈನು ತುಂಡಾದರೂ ಜಾರಿದರೂ ಕಿರುಗುಟ್ಟಿದರೂ ಮೇಸ್ತ್ರಿಗೆ ಕೂಗು ಬೀಳುತ್ತಿತ್ತು. ಹೀಗೆ ಕೂಗಿಸಿಕೊಂಡು ಕೂಗಿಸಿಕೊಂಡು ಹೆಸರು ಅಂಟಿಕೊಂಡಿತು.

ಐವತ್ತು ದಾಟಿದ ಕುಳ್ಳನೆಯ ಆಳು. ಬಲ ಹೆಗಲು ಗಟ್ಟಿಯಾಗಿ ಕೂತುಬಿಟ್ಟಿತ್ತು. ಕೈ ಎದೆಯ ಮಟ್ಟದವರೆಗೆ ಬಂದು ಅಲ್ಲೇ ನಿಲ್ಲುತ್ತಿತ್ತು. ಅದಕ್ಕಿಂತ ಮೇಲಕ್ಕೆ ಎತ್ತಿದರೆ ಕತ್ತಿನವರೆಗೂ ನೋವು ಹರಿಯುತ್ತಿತ್ತು. ಅಂಗಿ ತೊಡುವಾಗ ಮೊದಲು ಬಲಗೈಯನ್ನು ತೋಳಿನೊಳಗೆ ತೂರಿಸಿ, ಆಮೇಲೆ ಉಳಿದ ಮೈಯನ್ನು ಅದರ ಹಿಂದೆ ಎಳೆದುಕೊಳ್ಳಬೇಕಿತ್ತು. ಮೂಗಿನಲ್ಲಿ ಸದಾ ಹಿಂಜು, ಅಂದರೆ ಬಟ್ಟೆಯಿಂದ ಹಾರುವ ನೂಲಿನ ಧೂಳು; ಉಗುರಿನ ಸಂದಿನಲ್ಲಿ ಸದಾ ಎಣ್ಣೆ. ಹೆಗಲ ನೋವಿಗಿಂತ ಅವನನ್ನು ಹೆಚ್ಚು ಕಾಡುತ್ತಿದ್ದದ್ದು ದಣಿವು. ಮಲಗಿ ಎದ್ದರೆ ಹೋಗುವ ದಣಿವಲ್ಲ ಅದು. ಬೆಳಗ್ಗೆ ಚಪ್ಪಲಿ ಮೆಟ್ಟುವಾಗಲೇ, ಇಡೀ ದಿನ ದುಡಿದು ಬಂದವನ ಹಾಗೆ ಅವನು ಒಮ್ಮೆ ಗೋಡೆಗೆ ಒರಗಿ ನಿಲ್ಲುತ್ತಿದ್ದ.

"ಯಾಕ್ರೀ, ಹೋಗ್ತಿದ್ದೀರೋ ಬರ್ತಿದ್ದೀರೋ?" ಎಂದು ಹೆಂಡತಿ ಕೇಳುತ್ತಿದ್ದಳು.

"ಅದೇ ನೆನಪಾಗ್ತಿಲ್ಲ ಕಣೆ," ಎನ್ನುತ್ತಿದ್ದ.

ಅವಳದೂ ಅದೇ ಲಾಂಡ್ರಿ. ಮಡಿಕೆ ಹಾಲಿನಲ್ಲಿ ಕೆಲಸ. ಹೊದಿಕೆಯ ಒಂದು ತುದಿ ತಾನು ಹಿಡಿದು, ಇನ್ನೊಂದು ತುದಿ ಎದುರಿನವಳು ಹಿಡಿದು, ಹತ್ತಿರ ಬಂದು ದೂರ ಹೋಗಿ ಮತ್ತೆ ಹತ್ತಿರ ಬಂದು, ದಿನವೆಲ್ಲ ನಡೆದರೂ ಎಲ್ಲಿಗೂ ಹೋಗದ ಕೆಲಸ. ಇಬ್ಬರೂ ಲಾಂಡ್ರಿಯ ಹಿಂದಿನ ಸಾಲುಮನೆಯಲ್ಲೇ ಇದ್ದರು. ಒಂದು ಕೋಣೆ, ಒಂದು ಅಡಿಗೆಮನೆ, ಹಿತ್ತಿಲಲ್ಲಿ ಆವಿಯ ಕೊಳವೆಯ ಉಸಿರು.

ಆ ವರ್ಷ ಮೇಸ್ತ್ರಿಗೆ ಒಂದೇ ಒಂದು ಆಸೆಯಿತ್ತು. ಸ್ಟೋರಿನಲ್ಲಿ ಒಂದು ಕುರ್ಚಿ ಖಾಲಿಯಾಗುವುದಿತ್ತು. ಸೋಪಿನ ಪುಡಿ, ಬೋಲ್ಟು, ಬೆಲ್ಟು ಕೇಳಿದವರಿಗೆ ಕೊಡುವುದು, ಉಳಿದ ಹೊತ್ತು ಕೂರುವುದು. ಆ ಕುರ್ಚಿಗೆ ಕೈ ಇತ್ತು, ಬೆನ್ನು ಇತ್ತು, ಕೂರುವ ಜಾಗದಲ್ಲಿ ಯಾರೋ ಹಳೆಯ ದಿಂಬನ್ನೂ ಕಟ್ಟಿದ್ದರು. ಮೇಸ್ತ್ರಿ ಆ ದಾರಿಯಲ್ಲಿ ಹೋಗುವಾಗಲೆಲ್ಲ, ಮದುವೆಯಾಗದ ಹುಡುಗ ಒಂದು ಮನೆಯ ಮುಂದೆ ನಡೆ ನಿಧಾನ ಮಾಡುವ ಹಾಗೆ ನಿಧಾನ ಮಾಡುತ್ತಿದ್ದ. ಲಾಂಡ್ರಿಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಮೇಡಂ ಬಳಿ ಕೇಳಿಯೂ ಇದ್ದ.

"ಕೊಡೋಣ ಮೇಸ್ತ್ರಿ," ಎಂದಿದ್ದರು ಮೇಡಂ. "ಆದ್ರೆ ಚೈನುಗಳನ್ನ ಯಾರು ನೋಡ್ಕೋತಾರೆ? ನಿಮ್ಮ ಬಾಮೈದ ಒಬ್ಬನೇ ನಿಭಾಯಿಸ್ತಾನೆ ಅಂತ ನಂಗೆ ಕಣ್ಣಾರೆ ಕಾಣ್ಲಿ. ಅವತ್ತೇ ಸ್ಟೋರಿನ ಬೀಗದ ಕೈ ನಿಮ್ಮದು."

ಅವನ ಬಾಮೈದ, ಅಂದರೆ ಹೆಂಡತಿಯ ತಮ್ಮ, ಅಲ್ಲೇ ಸಂಜೆ ಪಾಳಿಯ ಫಿಟ್ಟರ್. ಮೂವತ್ತೈದರ ಆಸುಪಾಸು. ಎತ್ತರ ಎಷ್ಟೆಂದರೆ ಮಡಿಕೆ ಹಾಲಿನ ಹೆಂಗಸರು ಅವನಿಗೆ ಏಣಿ ಎಂದು ಹೆಸರಿಟ್ಟಿದ್ದರು. ಬಲ್ಬು ಬದಲಾಯಿಸಬೇಕಾದರೆ "ಏಣಿ ತನ್ನಿ" ಎನ್ನುತ್ತಿರಲಿಲ್ಲ, "ಏಣೀ, ಬಾರೋ" ಎನ್ನುತ್ತಿದ್ದರು. ಮಾತು ಕಡಿಮೆ, ಕೈ ಚುರುಕು. ಮೊದಲು ಒದ್ದೆ ಬಟ್ಟೆಯ ಗಾಡಿ ತಳ್ಳುತ್ತಿದ್ದವನನ್ನು ಮೇಸ್ತ್ರಿಯೇ ಹೇಳಿ ಫಿಟ್ಟರ್ ಕೆಲಸಕ್ಕೆ ಹಾಕಿಸಿದ್ದ. ಕಲಿಸಿದ್ದೂ ಅವನೇ. ಇಬ್ಬರ ಪಾಳಿ ಬೇರೆಬೇರೆಯಾದ್ದರಿಂದ ಪಾಠ ನಡೆದದ್ದು ಮನೆಯಲ್ಲಿ, ಅಡಿಗೆಮನೆಯ ನೆಲದ ಮೇಲೆ.

ಹಳೆಯ ಹೊದಿಕೆಯ ಒಂದು ತುಂಡು ಹಾಸಿ ಅದರ ಮೇಲೆ ಕಳಚಿದ ಚೈನನ್ನು ಹರಡಿಕೊಂಡು ಮೇಸ್ತ್ರಿ ಹೇಳಿಕೊಡುತ್ತಿದ್ದ. ಮೊದಲು ಒಳಕೊಂಡಿ. ನಡು ಸಣ್ಣಗಾಗಿ ತುದಿಗಳು ದುಂಡಗಿರುವ ಎರಡು ಉಕ್ಕಿನ ಪಟ್ಟಿಗಳು. ಪ್ರತಿ ಪಟ್ಟಿಗೂ ಎರಡು ತೂತು. ಆ ತೂತುಗಳಿಗೆ ಬುಷ್ ಎನ್ನುವ ಪೊಳ್ಳು ಕೊಳವೆಗಳನ್ನು ಒತ್ತಿ ಕೂರಿಸಿರುತ್ತಾರೆ; ಅವು ಅಲುಗುವಂತಿಲ್ಲ. ಬುಷ್ಷಿನ ಮೇಲೆ ರೋಲರ್. ಅದು ಕೈಬಳೆಯ ಹಾಗೆ ಸಡಿಲವಾಗಿ ತಿರುಗುತ್ತದೆ. ಚಕ್ರದ ಹಲ್ಲಿಗೆ ತಾಗುವುದು ಈ ರೋಲರ್ ಮಾತ್ರ. ಉಜ್ಜುವ ಬದಲು ಉರುಳಿಕೊಂಡು ಹೋಗುವುದರಿಂದ ಹಲ್ಲು ಬೇಗ ಸವೆಯುವುದಿಲ್ಲ. ಆಮೇಲೆ ಹೊರಕೊಂಡಿ. ಅದಕ್ಕೆ ಎರಡು ಪಟ್ಟಿ, ಎರಡು ಪಿನ್ನು. ಒಂದು ಪಿನ್ನು ಈ ಕಡೆಯ ಒಳಕೊಂಡಿಯ ಬುಷ್ಷಿನೊಳಗೆ, ಇನ್ನೊಂದು ಆ ಕಡೆಯ ಒಳಕೊಂಡಿಯ ಬುಷ್ಷಿನೊಳಗೆ ತೂರಿ, ಹೊರಪಟ್ಟಿಗಳಲ್ಲಿ ಬಿಗಿಯಾಗಿ ಕೂತು, ತಲೆ ಬಡಿಸಿಕೊಂಡು ಚಪ್ಪಟೆಯಾಗಿರುತ್ತವೆ. ಒಳಕೊಂಡಿ, ಹೊರಕೊಂಡಿ, ಒಳಕೊಂಡಿ, ಹೊರಕೊಂಡಿ. ಹೀಗೆಯೇ ಚೈನು ಬೆಳೆಯುತ್ತದೆ.

"ಹಂಗಾದ್ರೆ ಹೊರಕೊಂಡಿ ನೀವು, ಒಳಕೊಂಡಿ ಅಕ್ಕ," ಎಂದಿದ್ದ ಬಾಮೈದ. "ನಾನು?"

"ನೀನು ರೋಲರ್ರು," ಎಂದಳು ಅಕ್ಕ ಒಲೆಯ ಮುಂದಿನಿಂದಲೇ. "ಎಲ್ಲಿಟ್ರೂ ಉರುಳ್ಕೊಂಡಿರ್ತೀಯ. ಮೊದ್ಲು ಆ ಕಬ್ಬಿಣ ತೆಗೀರಿ, ಊಟಕ್ಕೆ ಕೂರೋ ಜಾಗ ಅದು."

ಕೊಂಡಿಗಳು ಸರಿಸಂಖ್ಯೆಯಲ್ಲಿದ್ದರೆ ಮಾತ್ರ ಒಂದು ತುದಿಯ ಒಳಕೊಂಡಿಗೂ ಇನ್ನೊಂದು ತುದಿಯ ಒಳಕೊಂಡಿಗೂ ನಡುವೆ ಹೊರಕೊಂಡಿ ಹಾಕಿ ಚೈನು ಮುಚ್ಚಬಹುದು. ಬೆಸಸಂಖ್ಯೆಯಾದರೆ ಒಂದು ತುದಿ ಒಳ, ಇನ್ನೊಂದು ಹೊರ. ಆಗ ಸೊಟ್ಟಗೆ ಬಗ್ಗಿಸಿದ ಅರೆಕೊಂಡಿಯೊಂದನ್ನು ಹಾಕಬೇಕು. ಅದಕ್ಕೆ ಬಲ ಕಡಿಮೆ, ಬೇರೆ ದಾರಿಯಿಲ್ಲದಿದ್ದರೆ ಮಾತ್ರ. ಚೈನು ಉದ್ದವಾಯಿತು ಎನ್ನುತ್ತಾರಲ್ಲ, ಅದು ಉಕ್ಕು ಹಿಗ್ಗಿದ್ದಲ್ಲ. ಪಿನ್ನೂ ಬುಷ್ಷೂ ಒಂದನ್ನೊಂದು ತಿಂದು, ಪ್ರತಿ ಕೊಂಡಿಯಲ್ಲೂ ಕೂದಲೆಳೆಯಷ್ಟು ಸಡಿಲಾಗಿ, ಅದೆಲ್ಲ ಸೇರಿ ಉದ್ದವಾಗುವುದು. ಹಾಗಾಗಿ ಎಣ್ಣೆಯನ್ನು ಮೇಲೆ ಸುರಿದರೆ ಸಾಲದು, ಪಿನ್ನಿಗೂ ಬುಷ್ಷಿಗೂ ನಡುವೆ ಇಳಿಯಬೇಕು. ವಾರದ ರಜೆಯ ದಿನ ಚೈನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಬೆಚ್ಚಗಿನ ಎಣ್ಣೆಯಲ್ಲಿ ನೆನೆಹಾಕುವ ಪದ್ಧತಿ ಅದಕ್ಕೇ. ಲಾಂಡ್ರಿಯಲ್ಲಿ ಅದು ಇನ್ನೂ ಮುಖ್ಯ, ಯಾಕೆಂದರೆ ಹಾರಾಡುವ ಹಿಂಜು ಚೈನಿನ ಎಣ್ಣೆಯನ್ನೆಲ್ಲ ಕುಡಿದುಬಿಡುತ್ತದೆ.

ಬಿಚ್ಚಿ ಹಾಕುವುದಕ್ಕೆಂದೇ ಒಂದು ಜಾಯಿಂಟ್ ಕೊಂಡಿ ಇರುತ್ತದೆ. ಅದೂ ಹೊರಕೊಂಡಿಯೇ, ಆದರೆ ಅದರ ಒಂದು ಪಟ್ಟಿ ಸಡಿಲ. ಪಿನ್ನುಗಳ ತುದಿಯಲ್ಲಿ ಸಣ್ಣ ಕಚ್ಚು ಕೊರೆದಿರುತ್ತದೆ. ಪಟ್ಟಿ ಕೂರಿಸಿ, ಆ ಕಚ್ಚಿಗೆ ಉಗುರಿನಷ್ಟು ತೆಳ್ಳಗಿನ ಸ್ಪ್ರಿಂಗ್ ಕ್ಲಿಪ್ಪನ್ನು ತಳ್ಳಿದರೆ ಟಕ್ ಎಂದು ಕೂರುತ್ತದೆ. ಕ್ಲಿಪ್ಪಿನ ಒಂದು ಕಡೆ ಮುಚ್ಚಿರುತ್ತದೆ, ಇನ್ನೊಂದು ಕಡೆ ಬಾಯಿ ಬಿಟ್ಟಿರುತ್ತದೆ. ಇಡೀ ಯಂತ್ರದ ಭಾರ ಎಳೆಯುವ ಚೈನನ್ನು ಒಟ್ಟಿಗೆ ಹಿಡಿದಿರುವುದು ಆ ಕ್ಲಿಪ್ಪು.

"ಸುರಂಗದ ಚೈನಿಗೆ ಕ್ಲಿಪ್ಪಿನ ಬಾಯಿ ಯಾವಾಗ್ಲೂ ಕಿಟಕಿ ಕಡೆಗೆ," ಎಂದು ಮೇಸ್ತ್ರಿ ಹೇಳಿಕೊಟ್ಟಿದ್ದ. "ಮರೀಬೇಡ. ಕಿಟಕಿ ಕಡೆಗೆ."

"ಕಿಟಕಿ ಕಡೆಗೆ," ಎಂದು ಬಾಮೈದ ತಲೆಯಾಡಿಸಿದ್ದ.

ಸುರಂಗ ಎಂದರೆ ಬಟ್ಟೆ ಒಣಗಿಸುವ ಉದ್ದನೆಯ ಬಿಸಿ ಗೂಡು. ಒದ್ದೆ ಹೊದಿಕೆಗಳು ಸರಳುಗಳ ಮೇಲೆ ಜೋತುಬಿದ್ದು ಈ ಕಡೆಯಿಂದ ಒಳಹೊಕ್ಕು ಆ ಕಡೆಯಿಂದ ಒಣಗಿ ಬರುತ್ತವೆ. ಅದನ್ನು ಎಳೆಯುವ ಮೋಟಾರಿನ ಸಣ್ಣ ಹಲ್ಲುಚಕ್ರ ಬಾಗಿಲ ಬಳಿ, ಸುರಂಗದ ದೊಡ್ಡ ಹಲ್ಲುಚಕ್ರ ಕಿಟಕಿಯ ಬಳಿ, ಎರಡರ ನಡುವೆ ಚೈನು. ದೊಡ್ಡ ಚಕ್ರ ತೋಳಿನಷ್ಟು ಅಗಲ. ಅದರ ಮೇಲಂಚು ಆಳೆತ್ತರದಲ್ಲಿ, ಕೆಳಂಚು ಸೊಂಟದ ಹತ್ತಿರ. ಎಲ್ಲದರ ಮೇಲೆ ತಗಡಿನ ಮುಸುಕು.

ಇಬ್ಬರೂ ಒಂದೊಂದು ವಾರ ಸರದಿಯಂತೆ ಆ ಚೈನನ್ನು ತೊಳೆದು ಹಾಕುತ್ತಿದ್ದರು. ಮೇಸ್ತ್ರಿ ಹಾಕಿದ ವಾರ ಏನೂ ಆಗುತ್ತಿರಲಿಲ್ಲ. ಬಾಮೈದ ಹಾಕಿದ ವಾರ, ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ಮುಸುಕಿನೊಳಗೆ ಠಣ್ ಎಂದು ಸದ್ದಾಗಿ ಸುರಂಗ ನಿಂತುಬಿಡುತ್ತಿತ್ತು. ತೆಗೆದು ನೋಡಿದರೆ ಕ್ಲಿಪ್ಪು ಇಲ್ಲ, ಪಟ್ಟಿ ಇಲ್ಲ, ಚೈನು ಸತ್ತ ಹಾವಿನ ಹಾಗೆ ಕೆಳಗೆ ಬಿದ್ದಿರುತ್ತಿತ್ತು. ಒಳಗೆ ಸಿಕ್ಕಿಕೊಂಡ ಹೊದಿಕೆಗಳು ಬಿಸಿಗೆ ಕಂದಿ ಹಳದಿ ಗೆರೆ ಬೀಳುತ್ತಿದ್ದವು. ಆ ಗೆರೆಗಳು ಮರುದಿನ ಮಡಿಕೆ ಹಾಲಿಗೆ, ಅಕ್ಕನ ಕೈಗೇ ಬರುತ್ತಿದ್ದವು.

"ನಿಮ್ಮ ತಮ್ಮ ಇಸ್ತ್ರಿ ಮಾಡಿ ಕಳ್ಸಿದಾನೆ ನೋಡ್ರೀ," ಎಂದು ಎದುರಿನವಳು ಹೊದಿಕೆ ಎತ್ತಿ ತೋರಿಸುತ್ತಿದ್ದಳು. ಅಕ್ಕ ನಗುತ್ತಿದ್ದಳು. ಮನೆಗೆ ಬಂದ ಮೇಲೆ ನಗುತ್ತಿರಲಿಲ್ಲ.

ಪ್ರತಿ ಸಲವೂ ಸಾಲುಮನೆಗೆ ಆಳು ಓಡಿ ಬರುತ್ತಿದ್ದ. ಮೇಸ್ತ್ರಿ ತಟ್ಟೆಯ ಮುಂದಿನಿಂದ ಎದ್ದು ಹೋಗಿ, ಹೊಸ ಜಾಯಿಂಟ್ ಕೊಂಡಿ ಹಾಕಿ, ಹೆಗಲು ಹಿಡಿದುಕೊಂಡು ವಾಪಸು ಬರುತ್ತಿದ್ದ. ಬೈಯುವುದಕ್ಕೂ ಉಸಿರು ಬೇಕು. ಅದನ್ನು ಅವನು ಮನೆಯವರೆಗೆ ಉಳಿಸಿಕೊಂಡು ಬರುತ್ತಿದ್ದ.

"ನಿನ್ನ ತಮ್ಮನ ಕೈಗೆ ಏನಾಗಿದೆ? ಒಂದು ಕ್ಲಿಪ್ಪು. ಒಂದು ಕ್ಲಿಪ್ಪು ಕೂರಿಸೋಕೆ ಆಗಲ್ಲ ಅಂದ್ರೆ?"

"ನನ್ನ ತಮ್ಮ ಅಂತ ಈಗ ನೆನಪಾಯ್ತಾ? ಹಾಕ್ಸಿದ್ದು ನೀವು, ಕಲ್ಸಿದ್ದು ನೀವು."

"ಕಲ್ಸಿದ್ದು ತಲೆಗೆ ಹೋಗ್ಬೇಕಲ್ಲ. ಅವನ ತಲೆ ಅಷ್ಟು ಮೇಲಿದೆ, ಮಾತು ಅಲ್ಲೀವರೆಗೂ ಏರಲ್ಲ."

"ಸಾಕು ಸುಮ್ನಿರಿ. ಅವನು ಎರಡು ದಿನದಿಂದ ಊಟಕ್ಕೂ ಬಂದಿಲ್ಲ ಈ ಕಡೆ."

ಅದು ನಿಜ. ಬಾಮೈದ ಅವರನ್ನು ಕಂಡರೆ ದಾರಿ ಬದಲಿಸುತ್ತಿದ್ದ. ಇನ್ನೊಂದು ಸಲ ಚೈನು ಬಿದ್ದಾಗ ಮೇಡಂ ಇಬ್ಬರನ್ನೂ ಕೋಣೆಗೆ ಕರೆಸಿದರು. ದನಿ ಎತ್ತುವ ಹೆಂಗಸಲ್ಲ ಅವರು. ಸುಟ್ಟ ಹೊದಿಕೆಯನ್ನು ಮೇಜಿನ ಮೇಲೆ ಹಾಸಿ, ಹಳದಿ ಗೆರೆಯ ಮೇಲೆ ಬೆರಳಾಡಿಸುತ್ತಾ, "ಮುಂದಿನ ವಾರ ನಿಮ್ಮ ಸರದಿ ಅಲ್ವಾ? ಬೇಡ, ಇವನೇ ಹಾಕ್ಲಿ. ವಾರ ಪೂರ್ತಿ ಬೀಳದೆ ಓಡಿದ್ರೆ ಸರಿ. ಬಿದ್ರೆ ಇವನು ವಾಪಸು ಗಾಡಿ ತಳ್ಳೋಕೆ ಹೋಗ್ತಾನೆ, ನೀವು ಸ್ಟೋರು ಮರೆತುಬಿಡ್ಬೇಕು. ನಂಗೆ ಬೇರೆ ದಾರಿ ಕಾಣಲ್ಲ ಮೇಸ್ತ್ರಿ," ಎಂದರು.

ಹೊರಗೆ ಬಂದ ಮೇಲೆ ಬಾಮೈದ ಏನೋ ಹೇಳಲು ಬಾಯಿ ತೆರೆದ. ಮೇಸ್ತ್ರಿ ಅವನ ಮುಖ ನೋಡದೆ, "ರಜೆ ದಿನ ನಾನೂ ಬರ್ತೀನಿ. ನೀನು ಹಾಕು, ನಾನು ನೋಡ್ತೀನಿ," ಎಂದ. ಇಷ್ಟು ದಿನಗಳಲ್ಲಿ ಬಾಮೈದ ಚೈನು ಹಾಕುವುದನ್ನು ಅವನು ಒಮ್ಮೆಯೂ ನಿಂತು ನೋಡಿರಲಿಲ್ಲ ಎಂಬುದು ಆಗಷ್ಟೇ ಅವನ ತಲೆಗೆ ಬಂತು.

ರಜೆಯ ದಿನ ಲಾಂಡ್ರಿ ಬೇರೆಯೇ ಜಾಗ. ಆವಿಯಿಲ್ಲ, ಗದ್ದಲವಿಲ್ಲ, ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಹಿಂಜು ನಿಧಾನವಾಗಿ ಇಳಿಯುತ್ತಿತ್ತು. ಬಾಮೈದ ಬೆಳಗ್ಗೆಯೇ ಚೈನು ಬಿಚ್ಚಿ ತೊಳೆದು ನೆನೆಹಾಕಿದ್ದ. ಮೇಸ್ತ್ರಿ ಬಂದು ಒಂದು ಕ್ರೇಟು ಬೋರಲು ಹಾಕಿಕೊಂಡು ಕೂತ. ಚೈನನ್ನು ಎತ್ತಿ ಬೆರಳಲ್ಲಿ ಆಡಿಸಿದ. ಎಲ್ಲ ಕೊಂಡಿಯೂ ಮೆತ್ತಗೆ ಮಡಚುತ್ತಿತ್ತು. ಪಕ್ಕಕ್ಕೆ ಬಗ್ಗಿಸಿ ನೋಡಿದ, ಸವೆತ ಮಿತಿಯಲ್ಲೇ ಇತ್ತು. ಹೊಸ ಕ್ಲಿಪ್ಪನ್ನು ಬೆಳಕಿಗೆ ಹಿಡಿದು ನೋಡಿದ. ಬಿರುಕಿಲ್ಲ. ತಪ್ಪು ಹುಡುಕಲು ಬಂದವನಿಗೆ ಒಂದೂ ಸಿಗಲಿಲ್ಲ. ಅದರಿಂದ ಅವನಿಗೆ ಇನ್ನಷ್ಟು ಆಯಾಸವಾಯಿತು.

"ಹಾಕು," ಎಂದ.

ಬಾಮೈದ ಚೈನನ್ನು ಸಣ್ಣ ಚಕ್ರಕ್ಕೆ ಸುತ್ತಿ, ಎರಡು ತುದಿಗಳನ್ನೂ ದೊಡ್ಡ ಚಕ್ರದ ಮೇಲಂಚಿಗೆ ತಂದ. ಮೇಲಂಚಿನ ಹಲ್ಲುಗಳ ಮೇಲೆ ಎರಡು ತುದಿಗಳೂ ತಾವಾಗಿಯೇ ಕೂತವು. ಕೈ ಬಿಟ್ಟರೂ ಬೀಳುವಂತಿಲ್ಲ, ಹಲ್ಲೇ ಹಿಡಿದುಕೊಂಡಿರುತ್ತದೆ. ಜಾಯಿಂಟ್ ಕೊಂಡಿಯನ್ನು ಹಿಂದಿನಿಂದ ತೂರಿಸಿದ, ಪಟ್ಟಿ ಕೂರಿಸಿದ. ಇದೆಲ್ಲ ಅವನ ಮುಖದ ಮಟ್ಟದಲ್ಲಿ, ನಿಂತ ಹಾಗೇ, ಸಲೀಸಾಗಿ. ಹೀಗೆ ಮಾಡುವುದೇ ಸರಿಯಾದ ಕ್ರಮ. ಹೆಗಲು ಕೆಡುವ ಮುಂಚೆ ಮೇಸ್ತ್ರಿಯೂ ಸಣ್ಣ ಸ್ಟೂಲು ಹತ್ತಿ ಹಾಗೆಯೇ ಮಾಡುತ್ತಿದ್ದ. ಹೆಗಲು ಕೂತ ಮೇಲೆ ಅವನು ಇದೇ ಕ್ರೇಟಿನ ಮೇಲೆ ಕೂತು ಕೆಳಂಚಿನಲ್ಲೇ ಜಾಯಿಂಟ್ ಮಾಡುತ್ತಿದ್ದ. ಅಲ್ಲಿ ತುದಿಗಳು ಜಾರಿ ಬೀಳುತ್ತವೆ. ಬಗ್ಗಿಸಿದ ತಂತಿಯೊಂದರಿಂದ ಎರಡನ್ನೂ ಎಳೆದು ಹಿಡಿದು ಕೊಂಡಿ ತೂರಿಸಬೇಕು. ಕಷ್ಟ, ಆದರೆ ಕೈ ಎತ್ತಬೇಕಾಗಿಲ್ಲ.

ಬಾಮೈದ ಕ್ಲಿಪ್ಪು ತೆಗೆದುಕೊಂಡ. ಒಮ್ಮೆ ಕಿಟಕಿಯ ಕಡೆ ನೋಡಿದ. ಬಾಯಿಯನ್ನು ಆ ಕಡೆಗೆ ತಿರುಗಿಸಿ ತಳ್ಳಿದ. ಟಕ್.

"ಆಯ್ತು ಭಾವ."

ಮೇಸ್ತ್ರಿ ಕೂತಲ್ಲೇ ಕತ್ತೆತ್ತಿ ನೋಡಿದ. ಎಲ್ಲವೂ ಸರಿ. ಆದರೂ ಏನೋ ಚುಚ್ಚಿತು. "ಕೈಯಲ್ಲಿ ಸ್ವಲ್ಪ ತಿರುಗಿಸು," ಎಂದ. ಬಾಮೈದ ಮೋಟಾರಿನ ತುದಿಯನ್ನು ಕೈಯಿಂದ ತಿರುಗಿಸಿದ. ಮೇಲಿನ ಎಳೆ ಕಿಟಕಿಯ ಕಡೆಗೆ ಹೊರಟಿತು, ಕೆಳಗಿನ ಎಳೆ ಬಾಗಿಲ ಕಡೆಗೆ ವಾಪಸು ಬಂತು. ಕ್ಲಿಪ್ಪು ಬಾಯಿ ಬಿಟ್ಟುಕೊಂಡು ಮುನ್ನುಗ್ಗಿತು. ಚೈನಿನ ಮೇಲೆ ಎಣ್ಣೆ ಸವರುವ ಬ್ರಷ್ಷು ಜೋತುಬಿದ್ದಿತ್ತು, ಅದರ ತುದಿಯಲ್ಲಿ ಹಿಂಜು ಗಟ್ಟಿಯಾಗಿ ಕಲ್ಲಾಗಿತ್ತು. ಕ್ಲಿಪ್ಪಿನ ಎರಡು ಕಾಲುಗಳು ಆ ಗಂಟಿಗೆ ಸರಕ್ಕನೆ ತಾಗಿ ದಾಟಿದವು.

"ನಿಲ್ಸು."

ಅವನು ಎದ್ದ. ಹತ್ತಿರ ಹೋಗಿ ಕ್ಲಿಪ್ಪನ್ನು ಎಡಗೈ ಬೆರಳಿಂದ ಮುಟ್ಟಿದ. ಕಚ್ಚಿನಿಂದ ನೂಲಿನಷ್ಟು ಹಿಂದಕ್ಕೆ ಸರಿದಿತ್ತು. ಒಂದೇ ಸುತ್ತಿಗೆ. ಹೀಗೆ ದಿನವೆಲ್ಲ ತಾಗಿಸಿಕೊಂಡರೆ ಯಾವ ಕ್ಲಿಪ್ಪು ತಾನೇ ನಿಲ್ಲುತ್ತದೆ?

"ಬಾಯಿ ಮುಂದೆ ಇದೆಯಲ್ಲೋ," ಎಂದ, ಬಹಳ ಮೆಲ್ಲಗೆ. "ಮುಚ್ಚಿದ ಕಡೆ ಮುಂದಿರ್ಬೇಕು, ಬಾಯಿ ಹಿಂದಿರ್ಬೇಕು. ಆಗ ಎದುರು ಏನು ತಾಗಿದ್ರೂ ಇನ್ನೂ ಬಿಗಿಯಾಗಿ ಕೂರುತ್ತೆ. ಇದು ಉಲ್ಟಾ."

"ಕಿಟಕಿ ಕಡೆಗೆ ಅಂದಿದ್ರಿ ಭಾವ."

"ಹೌದು, ಕಿಟಕಿ ಕಡೆಗೇ..." ಎಂದು ಶುರು ಮಾಡಿದವನು ಅಲ್ಲೇ ನಿಂತ. ಕಣ್ಣು ಮೇಲಂಚಿನಿಂದ ಕೆಳಂಚಿಗೆ ಇಳಿಯಿತು, ಮತ್ತೆ ಏರಿತು. ಕೆಳಂಚಿನಲ್ಲಿ ಚೈನು ಕಿಟಕಿಗೆ ಬೆನ್ನು ಹಾಕಿ ಓಡುತ್ತದೆ. ಅಲ್ಲಿ ಹಿಂದೆ ಎಂದರೆ ಕಿಟಕಿ. ಮೇಲಂಚಿನಲ್ಲಿ ಕಿಟಕಿಗೆ ಮುಖ ಮಾಡಿ ಓಡುತ್ತದೆ. ಅಲ್ಲಿ ಹಿಂದೆ ಎಂದರೆ ಬಾಗಿಲು. ಮೇಸ್ತ್ರಿಗೆ ಕೆಲಸ ಕಲಿಸಿದ ಮುದುಕ ಕಿಟಕಿಯ ಮಾತೇ ಆಡಿರಲಿಲ್ಲ. ಬಾಯಿ ಓಟದ ಹಿಂದೆ ಎಂದಿದ್ದ, ಅಷ್ಟೆ. ಕೂತು ಕೆಲಸ ಮಾಡಲು ಶುರುವಾದ ಮೇಲೆ, ಯೋಚಿಸುವಷ್ಟು ಶ್ರಮವೂ ಬೇಡವೆಂದು, ಯಾವಾಗಲೋ ಮೇಸ್ತ್ರಿ ಅದನ್ನು ಕಿಟಕಿಗೆ ಗಂಟು ಹಾಕಿಬಿಟ್ಟಿದ್ದ. ತನ್ನ ಕ್ರೇಟಿನ ಮೇಲೆ ಕೂತವನಿಗೆ ಮಾತ್ರ ಸರಿಹೋಗುವ ಪಾಠವನ್ನು ಏಣಿಗೆ ಹೇಳಿಕೊಟ್ಟಿದ್ದ.

"ಅಲ್ಲಯ್ಯಾ," ಎಂದ ಕೊನೆಗೆ, "ನಾನು ಹಾಕಿದ್ದನ್ನ ನೀನು ಬಿಚ್ಚುವಾಗ ನೋಡ್ತಿರ್ಲಿಲ್ವಾ? ಮೇಲಕ್ಕೆ ತಿರುಗಿಸ್ಕೊಂಡ್ರೆ ಬಾಯಿ ಬಾಗಿಲ ಕಡೆಗೆ ಕಾಣ್ಬೇಕಲ್ಲ?"

ಬಾಮೈದ ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿದ.

"ಕಾಣ್ತಿತ್ತು ಭಾವ. ಪ್ರತಿ ಸಲ ಬಾಗಿಲ ಕಡೆಗೇ ಇರ್ತಿತ್ತು."

"ಮತ್ತೆ?"

"ನಿಮಗೆ ಹೆಗಲು ನೋವು, ಸುಸ್ತು. ಮರೆತು ಉಲ್ಟಾ ಹಾಕಿರ್ಬೇಕು ಅಂದ್ಕೊಂಡೆ. ದೊಡ್ಡವರು, ನಿಮಗೆ ಹೇಗೆ ಹೇಳೋದು? ಯಾರಿಗೂ ಹೇಳ್ದೆ ಸರಿ ಮಾಡಿ ಹಾಕ್ತಿದ್ದೆ."

ಮೇಸ್ತ್ರಿ ಕ್ರೇಟಿನ ಮೇಲೆ ಕೂತ. ನಗು ಬಂತು, ಆದರೆ ಅರ್ಧ ದಾರಿಯಲ್ಲೇ ಅದಕ್ಕೂ ದಣಿವಾಯಿತು. "ಸರಿ ಮಾಡಿ," ಎಂದ. "ವಾರ ಬಿಟ್ಟು ವಾರ ಸರಿ ಮಾಡಿ."

"ಬಿದ್ದಾಗ್ಲೂ ಹಾಗೇ ಅನ್ಕೊಂಡೆ. ನನ್ನ ಕೈಯೇ ಸರಿ ಇಲ್ಲ, ಕ್ಲಿಪ್ಪು ಪೂರ್ತಿ ಕೂರ್ತಿಲ್ಲ ಅಂತ. ನಿಮ್ಮ ಮಾತಲ್ಲಿ ತಪ್ಪಿರುತ್ತೆ ಅಂತ ಅನ್ನಿಸ್ಲೇ ಇಲ್ಲ."

ಬಾಮೈದನೇ ಕ್ಲಿಪ್ಪು ಕಿತ್ತು, ತಿರುಗಿಸಿ, ಬಾಯಿ ಬಾಗಿಲ ಕಡೆಗೆ ಮಾಡಿ ಕೂರಿಸಿದ. ಬ್ರಷ್ಷಿನ ಗಂಟನ್ನು ಚಾಕುವಿನಿಂದ ಕೆತ್ತಿ ತೆಗೆದ. ಸ್ವಿಚ್ಚು ಹಾಕಿದರು. ಚೈನು ಒಂದೇ ದನಿಯಲ್ಲಿ ಓಡಿತು. ಬಹಳ ಹೊತ್ತು ಇಬ್ಬರೂ ಅದನ್ನೇ ನೋಡುತ್ತ ನಿಂತರು. ಆಮೇಲೆ ನಿಲ್ಲಿಸಿ ಕ್ಲಿಪ್ಪು ಮುಟ್ಟಿ ನೋಡಿದರೆ ಅದು ಕಚ್ಚಿನಲ್ಲಿ ಇನ್ನೂ ಒಳಗೆ ಕೂತಿತ್ತು.

"ಮುಗೀತಲ್ಲ ಭಾವ," ಎಂದ ಬಾಮೈದ. "ಇನ್ನು ಬೀಳಲ್ಲ. ಮೇಡಂಗೆ ಏನೂ ಹೇಳ್ಬೇಡಿ. ಈ ವಾರ ಪೂರ್ತಿ ಓಡುತ್ತೆ, ನೀವು ಸ್ಟೋರಿಗೆ ಹೋಗಿ. ನನ್ನ ಕೈ ಈಗ ಸುಧಾರಿಸ್ತು ಅಂದ್ಕೋತಾರೆ, ಅನ್ಕೊಳ್ಲಿ ಬಿಡಿ."

ಮೇಸ್ತ್ರಿಗೆ ಆ ಮಾತು ಎಷ್ಟು ಹಿತವಾಗಿ ಕೇಳಿಸಿತೆಂದರೆ, ದಿಂಬು ಕಟ್ಟಿದ ಕುರ್ಚಿ ಬೆನ್ನಿಗೆ ತಾಗಿದ ಹಾಗಾಯಿತು. ಯಾರಿಗೂ ನಷ್ಟವಿಲ್ಲ. ಚೈನು ಇನ್ನು ಬೀಳುವುದಿಲ್ಲ. ಮಾತಾಡದಿದ್ದರೆ ಆಯಿತು, ಮಾತಾಡದಿರುವುದಕ್ಕಿಂತ ಕಡಿಮೆ ಶ್ರಮದ ಕೆಲಸ ಯಾವುದಿದೆ? ಅವನು ಎದ್ದು ಬಾಗಿಲ ಕಡೆ ನಡೆದ. ದಾರಿಯಲ್ಲಿ ಹಿಂಡುವ ಯಂತ್ರ ನಿಂತಿತ್ತು. ಅದರ ಚೈನಿಗೆ ಬಾಮೈದನಿಗೆ ಹೇಳಿಕೊಟ್ಟದ್ದು ನೆನಪಾಯಿತು: ಬಾಯಿ ಕಂಬದ ಕಡೆಗೆ. ಇಸ್ತ್ರಿ ಉರುಳೆಗೆ: ಬಾಯಿ ಬಾಯ್ಲರ್ ಕಡೆಗೆ. ಬಟ್ಟೆಯನ್ನು ಮೇಲಕ್ಕೆ ಎತ್ತುವ ಪಟ್ಟಿಗೆ: ಬಾಯಿ ಗಡಿಯಾರದ ಕಡೆಗೆ. ಎಲ್ಲವನ್ನೂ ಅವನು ಕೂತ ಜಾಗದಿಂದಲೇ ನೋಡಿ ಹೇಳಿದ್ದ. ಆ ಚೈನುಗಳನ್ನು ಈವರೆಗೆ ತಾನೇ ಬಿಚ್ಚಿ ಹಾಕುತ್ತಿದ್ದ. ತಾನು ಸ್ಟೋರಿಗೆ ಹೋದ ಮರುದಿನದಿಂದ ಅವೆಲ್ಲ ಏಣಿಯ ಕೈಗೆ ಬರುತ್ತವೆ. ಹಿಂಡುವ ಯಂತ್ರದ ಚೈನು ಓಟದಲ್ಲಿ ಕಳಚಿದರೆ ಬಟ್ಟೆ ಕಂದುವುದಲ್ಲ, ಪಕ್ಕದಲ್ಲಿ ನಿಂತವರ ಮೂಳೆ ಮುರಿಯುತ್ತದೆ.

ಮೇಡಂಗೆ ಹೇಳದೆ, ಬಾಮೈದನಿಗಷ್ಟೇ ಒಂದು ಮಾತಲ್ಲಿ ತಿದ್ದಿಬಿಡಬಹುದಲ್ಲ ಎಂದೂ ಅನ್ನಿಸಿತು. ಆದರೆ ಒಂದು ಮಾತಲ್ಲಿ ಹೇಳಿದ್ದರಿಂದಲೇ ಅಲ್ಲವೇ ಇದೆಲ್ಲ ಆದದ್ದು.

ಮರುದಿನ ಬೆಳಗ್ಗೆ ಅವನು ಮೇಡಂ ಕೋಣೆಗೆ ಹೋದ. ಅವರ ಮೇಜಿನ ಮೇಲಿದ್ದ ಪೆನ್ನನ್ನು ಚೈನು ಮಾಡಿ, ಕಿಟಕಿ ತೋರಿಸಿ, ಬಾಗಿಲು ತೋರಿಸಿ, ಎಲ್ಲ ಹೇಳಿದ. ಕೊನೆಯಲ್ಲಿ, "ಅವನ ಕೈ ಸರಿಯಾಗೇ ಇದೆ ಮೇಡಂ. ಹೇಳಿಕೊಟ್ಟದ್ದು ಸರಿ ಇರ್ಲಿಲ್ಲ. ಗಾಡಿ ತಳ್ಳೋಕೆ ಕಳಿಸ್ಬೇಡಿ," ಎಂದ.

ಮೇಡಂ ಪೆನ್ನನ್ನು ಎತ್ತಿಕೊಂಡು ಅತ್ತಿತ್ತ ತಿರುಗಿಸಿದರು. ಎಂಜಿನಿಯರಿಂಗ್ ಓದಿದವರು, ತಕ್ಷಣ ಹಿಡಿದರು. "ಹಾಗಿದ್ರೆ ಉಳಿದ ಯಂತ್ರಗಳೂ ಇದೇ ಕಥೆ?"

"ಹೌದು."

"ಎಲ್ಲ ಮತ್ತೆ ಮೊದಲಿಂದ ಹೇಳಿಕೊಡ್ಬೇಕು. ಒಂದೊಂದರ ಮುಂದೆ ನಿಂತು."

"ಹೌದು."

ಅವರು ಪೆನ್ನನ್ನು ಮೇಜಿನ ಮೇಲೆ ಇಟ್ಟರು. ಕಣ್ಣಿನ ಕೆಳಗೆ ಅವರಿಗೂ ಕಪ್ಪಾಗಿತ್ತು. "ಸ್ಟೋರಿನ ಕುರ್ಚಿ ಅಲ್ಲೀವರೆಗೆ ಖಾಲಿ ಇಡೋಕೆ ಆಗಲ್ಲ ಮೇಸ್ತ್ರಿ. ಲಾರಿ ಓಡಿಸ್ತಿದ್ದವರಿಗೆ ಕಣ್ಣು ಮಂಜಾಗಿದೆ, ಅವರು ಕೇಳ್ತಿದ್ದಾರೆ. ಅವರಿಗೆ ಕೊಡ್ಬೇಕಾಗುತ್ತೆ."

"ಕೊಡಿ ಮೇಡಂ," ಎಂದ ಮೇಸ್ತ್ರಿ.

"ಇವನು ಎಲ್ಲ ಕಲಿತ ಮೇಲೆ ನಿಮಗೆ ಏನಾದ್ರೂ ಕೂರೋ ಕೆಲಸ ನೋಡೋಣ. ಈಗ್ಲೇ ಮಾತು ಕೊಡಲ್ಲ."

"ಸರಿ."

ಸಂಜೆ ಹೆಂಡತಿಗೆ ಹೇಳಿದ. ಅವಳು ಕೇಳಿಸಿಕೊಂಡು, ತನ್ನ ಎರಡು ತೋಳುಗಳನ್ನೂ ಒಮ್ಮೆ ಒತ್ತಿಕೊಂಡು, "ನನ್ನ ತಮ್ಮನಿಗೆ ಅಷ್ಟೆಲ್ಲ ಬೈದ್ರಲ್ಲ, ಅದನ್ನೆಲ್ಲ ಯಾರು ವಾಪಸು ತಗೋತಾರೆ?" ಎಂದಳು.

"ನಾನೇ."

"ಹಾಗಾದ್ರೆ ಹೋಗಿ ಊಟಕ್ಕೆ ಕರೀರಿ. ಮೊದ್ಲು ಅದು." ಸ್ವಲ್ಪ ಹೊತ್ತಾದ ಮೇಲೆ, ಅವನ ಬೆನ್ನ ಹಿಂದಿನಿಂದ, "ಹೆಗಲಿಗೆ ಎಣ್ಣೆ ಬಿಸಿ ಮಾಡಿಡ್ತೀನಿ," ಎಂದಳು.

ಮುಂದಿನ ವಾರ ಬಾಮೈದನ ಪಾಳಿಯನ್ನು ಬೆಳಗಿಗೆ ಹಾಕಿದರು. ಇಬ್ಬರೂ ಒಂದೊಂದೇ ಯಂತ್ರದ ಮುಂದೆ ನಿಂತರು. ಮೇಸ್ತ್ರಿ ಈ ಸಲ ಕಿಟಕಿ, ಕಂಬ, ಗಡಿಯಾರ ಯಾವುದನ್ನೂ ಹೇಳಲಿಲ್ಲ. ಮೊದಲು ಕೈಯಿಂದ ತಿರುಗಿಸು, ಯಾವ ಕಡೆ ಓಡುತ್ತೆ ನೋಡು, ಮುಚ್ಚಿದ ತಲೆ ಮುಂದೆ, ಬಾಯಿ ಹಿಂದೆ. ಮೇಲೆ ಹಾಕಿದರೆ ಹೇಗೆ, ಕೆಳಗೆ ಹಾಕಿದರೆ ಹೇಗೆ, ಎರಡನ್ನೂ ಮಾಡಿಸಿದ. ಪ್ರತಿ ಸಲ, "ಸರಿ ಅನ್ನಿಸ್ತಾ? ಅನ್ನಿಸ್ದಿದ್ರೆ ಬಾಯಿ ಬಿಡು," ಎಂದು ಕೇಳಿದ. ಬಾಮೈದನಿಗೆ ಅದು ಚೈನಿಗಿಂತ ಕಷ್ಟದ ಪಾಠವಾಯಿತು.

ತೊಳೆಯುವ ದೊಡ್ಡ ಡ್ರಮ್ಮಿನ ಮುಂದೆ ಬಂದಾಗ ಮೇಸ್ತ್ರಿಯ ಕಾಲು ಸೋತು ನಿಲ್ಲಲು ಆಗಲಿಲ್ಲ. ಗೋಡೆಗೆ ಒರಗಿದ.

"ಕೂತು ಹೇಳಿ ಭಾವ," ಎಂದ ಬಾಮೈದ. "ಕೈ ನಾನು ಹಾಕ್ತೀನಿ."

ಅವನು ಮುಸುಕು ತೆಗೆದು, ಚೈನನ್ನು ಕೈಯಿಂದ ಮುಂದಕ್ಕೆ ತಿರುಗಿಸಿದ, ಹಿಂದಕ್ಕೆ ತಿರುಗಿಸಿದ. ಒಂದೆರಡು ಸಲ ಬಾಯಿ ತೆರೆದು ಮುಚ್ಚಿದ. ಮೇಸ್ತ್ರಿ ಕಾದ.

"ಭಾವ, ಕೇಳ್ಬಹುದಾ?"

"ಕೇಳೋ."

"ಇದು ಸ್ವಲ್ಪ ಹೊತ್ತು ಈ ಕಡೆ, ಸ್ವಲ್ಪ ಹೊತ್ತು ಆ ಕಡೆ ತಿರುಗುತ್ತೆ. ಇದಕ್ಕೆ ಮುಂದೆ ಯಾವುದು, ಹಿಂದೆ ಯಾವುದು? ನೀವು ಇದಕ್ಕೆ ಬಾಯಿ ನಲ್ಲಿ ಕಡೆಗೆ ಅಂದಿದ್ರಿ. ಅದು ಮೇಲಾದ್ರೂ ತಪ್ಪು, ಕೆಳಗಾದ್ರೂ ತಪ್ಪು ಅನ್ನಿಸ್ತಿದೆ."

ಮೇಸ್ತ್ರಿ ನಲ್ಲಿಯ ಕಡೆ ನೋಡಿದ, ಚೈನಿನ ಕಡೆ ನೋಡಿದ. ಈ ಡ್ರಮ್ಮಿಗೆ ತಾನು ಕ್ಲಿಪ್ಪು ಹಾಕುತ್ತಲೇ ಬಂದಿದ್ದ. ಅದು ಬಿದ್ದಿರಲಿಲ್ಲ, ಅಷ್ಟೇ. ಹಾಗೆ ಹಾಕಬಾರದೆಂದು ಒಂದು ಕಾಲಕ್ಕೆ ಅವನಿಗೆ ಚೆನ್ನಾಗಿ ಗೊತ್ತಿತ್ತು.

"ತಪ್ಪೇ," ಎಂದ. "ಎರಡೂ ಕಡೆ ತಿರುಗೋದಕ್ಕೆ ಕ್ಲಿಪ್ಪು ಹಾಕಬಾರ್ದು. ಪಿನ್ನಿನ ತುದಿಯಲ್ಲಿ ತೂತಿರೋ ಕೊಂಡಿ ಬರುತ್ತೆ, ಅದಕ್ಕೆ ಕಾಟರ್ ಪಿನ್ ಅಂತ ಎರಡು ಕಾಲಿನ ತಂತಿ ತೂರ್ಸಿ ಕಾಲು ಅಗಲಿಸ್ಬೇಕು. ಅದಕ್ಕೆ ಮುಂದೂ ಇಲ್ಲ ಹಿಂದೂ ಇಲ್ಲ. ಸ್ಟೋರಲ್ಲಿ ಇರುತ್ತೆ, ಹೋಗಿ ಕೇಳು."

ಬಾಮೈದ ಹೊರಟ. ಅವನ ಉದ್ದನೆಯ ಹೆಜ್ಜೆಯ ಸದ್ದು ದೂರವಾಗುವವರೆಗೂ ಮೇಸ್ತ್ರಿ ತೆರೆದ ಚೈನಿನ ಮುಂದೆ, ಬಲಗೈಯನ್ನು ತೊಡೆಯ ಮೇಲೆ ಭಾರವಾಗಿ ಇಟ್ಟುಕೊಂಡು ಕೂತಿದ್ದ. ಇನ್ನೂ ಇಸ್ತ್ರಿ ಉರುಳೆ ಬಾಕಿ ಇತ್ತು, ಎತ್ತುವ ಪಟ್ಟಿ ಬಾಕಿ ಇತ್ತು.